ತೋಡು ಆಳವಿರಲಿ

ಕಳೆದ ತಿಂಗಳು ಬಂಧುಗಳೊಬ್ಬರ ಗೃಹಪ್ರವೇಶಕ್ಕೆ ಹೋಗಿದ್ದೆ. ಊಟ ಮುಗಿದು, ಎಲೆ ಅಡಿಕೆ ಮೆಲ್ಲುತ್ತ ಕುಳಿತ ಹಿರಿಯರ ಮಾತು ಗೋಡೆಯ ಮೇಲಿನ ಪಟಗಳತ್ತ ಹೊರಳಿತು. "ಈಗಿನ ಕಟ್ಟುಗಳಿಗೆ ಜೀವವಿಲ್ಲ. ರೌಟರ್ ಯಂತ್ರ ಬಂದ ದಿನವೇ ಬಡಗಿಯ ಕೈಗುಣ ಸತ್ತಿತು" ಎಂದು ಒಬ್ಬರು ಅಪ್ಪಣೆ ಕೊಡಿಸಿದರು. ಉಳಿದವರೆಲ್ಲ ತಲೆದೂಗಿದರು. ಶುಭಕಾರ್ಯದ ಮನೆಯಲ್ಲಿ ವಾದವೇಕೆಂದು ನಾನು ಸುಮ್ಮನಿದ್ದೆ. ಮೂವತ್ತಾರು ವರ್ಷ ತರಗತಿಯಲ್ಲಿ ಸುಮ್ಮನಿರದವನು ಅಂದು ಮೌನವಾಗಿದ್ದುದರ ಸಾಲವನ್ನು ಇಲ್ಲಿ ಬಡ್ಡಿಸಹಿತ ತೀರಿಸುತ್ತಿದ್ದೇನೆ.

ತಿಳಿಯದವರಿಗಾಗಿ ಮೊದಲು ಒಂದು ವಿವರಣೆ. ಪಟದ ಕಟ್ಟಿನ ಒಳಅಂಚಿನ ಹಿಂಬದಿಯಲ್ಲಿ ಮೆಟ್ಟಿಲಿನಂತೆ ಕೊರೆದ ಜಾಗವೊಂದಿರುತ್ತದೆ. ಅದನ್ನು ತೋಡು ಎಂದು ಕರೆಯೋಣ. ಗಾಜು, ಚಿತ್ರ, ಹಿಂದಿನ ಹಲಗೆ ಎಲ್ಲವೂ ಕೂರುವುದು ಆ ತೋಡಿನಲ್ಲಿಯೇ. ಮುಂದೆ ನಿಂತು ನೋಡುವವನಿಗೆ ಅದು ಕಾಣದು. ಕಾಣದಿರುವುದರಿಂದಲೇ ಅಲ್ಲಿ ಕೈ ಬಿಗಿಹಿಡಿಯುವುದು ಸುಲಭ.

ರಾಜಾ ರವಿವರ್ಮನ ಅಚ್ಚುಕೂಟ 1894ರಲ್ಲಿ ಮುಂಬಯಿಯಲ್ಲಿ ಆರಂಭವಾದ ಮೇಲೆ ಲಕ್ಷ್ಮೀ ಸರಸ್ವತಿಯರ ಚಿತ್ರಗಳು ಸಾಮಾನ್ಯರ ಮನೆಗಳಿಗೂ ಬಂದವು. ಬಂದ ಚಿತ್ರಕ್ಕೆ ಕಟ್ಟು ಹಾಕಿಸಬೇಕಲ್ಲವೆ? ನನ್ನ ಬಾಲ್ಯದಲ್ಲಿ ನಮ್ಮ ಬೀದಿಯ ಬಡಗಿಯೊಬ್ಬರು ಈ ಕೆಲಸ ಮಾಡುತ್ತಿದ್ದರು. ತೇಗದ ಪಟ್ಟಿಯನ್ನು ಕಾಲಿನಿಂದ ಒತ್ತಿಹಿಡಿದು ಕೀಸುಳಿ ಎಳೆಯುವಾಗ ಏಳುತ್ತಿದ್ದ ಸುರುಳಿಗಳನ್ನು ಆಯ್ದುಕೊಳ್ಳಲು ನಾವು ಹುಡುಗರು ಜಗಳವಾಡುತ್ತಿದ್ದೆವು. ಅವರ ಕೈಗುಣಕ್ಕೆ ಇಂದಿಗೂ ನನ್ನ ನಮಸ್ಕಾರವಿದೆ. ಆದರೆ ಗಣಿತದ ಮೇಷ್ಟ್ರಾಗಿ ಒಂದು ಲೆಕ್ಕ ಕೇಳುತ್ತೇನೆ. ಕೀಸುಳಿ ಒಂದು ಎಳೆತಕ್ಕೆ ಅರ್ಧ ಮಿಲಿಮೀಟರ್ ತೆಗೆಯುತ್ತದೆಂದೇ ಇಟ್ಟುಕೊಳ್ಳಿ. 12 ಮಿಲಿಮೀಟರ್ ಆಳದ ತೋಡಿಗೆ ಒಂದು ಪಟ್ಟಿಗೆ 24 ಎಳೆತ, ನಾಲ್ಕು ಪಟ್ಟಿಗೆ 96. ಕೊಡುತ್ತಿದ್ದ ಕೂಲಿ ಎಷ್ಟೆಂಬುದು ಹಿರಿಯರಿಗೆ ನೆನಪಿರಬಹುದು. ಆ ಕೂಲಿಗೆ ಅವರು ಐದಾರು ಮಿಲಿಮೀಟರಿಗೆ ನಿಲ್ಲಿಸುತ್ತಿದ್ದರು. ನಿಲ್ಲಿಸದೆ ಇನ್ನೇನು ಮಾಡಿಯಾರು?

ಆ ಐದಾರು ಮಿಲಿಮೀಟರಿನ ಫಲವನ್ನು ನಾನು 2019ರಲ್ಲಿ ಉಂಡೆ. ನಮ್ಮ ತಾಯಿಯವರದೆಂದು ಉಳಿದಿದ್ದುದು ಒಂದೇ ಒಂದು ಛಾಯಾಚಿತ್ರ, 1956ರಲ್ಲಿ ತೆಗೆಸಿದ್ದು. ಅದೇ ಬಡಗಿಯವರ ಕೈಯ ಕಟ್ಟು. ಮೂಲೆಗಳು ಅರವತ್ತು ವರ್ಷ ಕಳೆದರೂ ಕೂದಲೆಳೆಯಷ್ಟೂ ಬಿಟ್ಟಿರಲಿಲ್ಲ. ಗಾಜು ಮಸುಕಾಗಿದೆಯೆಂದು ಬದಲಿಸಲು ಅಂಗಡಿಗೆ ಒಯ್ದೆ. ಅಂಗಡಿಯಾತ ಹಿಂದಿನ ಹಲಗೆ ತೆಗೆದು ಚಿತ್ರವನ್ನು ಎಳೆದ. ಅಮ್ಮನ ಎಡಗೆನ್ನೆ ಗಾಜಿನಲ್ಲೇ ಉಳಿಯಿತು.

ಹೀಗೇಕಾಯಿತು? ಹಳೆಯ ಕಪ್ಪು ಬಿಳುಪು ಚಿತ್ರಗಳ ಮೇಲ್ಪದರ ಜೆಲಾಟಿನ್ ಎಂಬ ಪದಾರ್ಥದ್ದು. ಮಳೆಗಾಲದ ತೇವವನ್ನು ಹೀರಿ ಅದು ಉಬ್ಬಿ ಅಂಟಾಗುತ್ತದೆ. ಗಾಜು ಅದಕ್ಕೆ ತಾಗಿಕೊಂಡಿದ್ದರೆ ವರ್ಷದಿಂದ ವರ್ಷಕ್ಕೆ ಬೆಸೆದುಕೊಳ್ಳುತ್ತದೆ. ತಡೆಯುವ ಉಪಾಯ ಸರಳ: ಗಾಜಿಗೂ ಚಿತ್ರಕ್ಕೂ ನಡುವೆ ಅಂಚುರಟ್ಟು ಇಟ್ಟು ಗಾಳಿಗೆ ಎಡೆಮಾಡುವುದು. ಈಗ ಕೂಡಿ ನೋಡಿ. ಗಾಜು 2 ಮಿಲಿಮೀಟರ್, ಅಂಚುರಟ್ಟು ಒಂದೂವರೆ, ಚಿತ್ರ ಕೂರುವ ರಟ್ಟು ಒಂದೂವರೆ, ಹಿಂದಿನ ಹಲಗೆ 3. ಅಲ್ಲಿಗೆ 8 ಆಯಿತು. ಇವನ್ನು ಹಿಡಿದಿಡುವ ಮೊಳೆಗಳಿಗೆ ಇನ್ನು ಮೂರು ನಾಲ್ಕು. 12ಕ್ಕೆ ಕಡಿಮೆಯಾದರೆ ಏನನ್ನಾದರೂ ಬಿಡಬೇಕು, ಬಿಟ್ಟುಹೋಗುವುದು ಸದಾ ಅಂಚುರಟ್ಟೇ.

ಇನ್ನು ಯಂತ್ರದ ಮಾತು. ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮರಗೆಲಸದ ಕೊಠಡಿಯಲ್ಲಿ ಒಂದು ಮಧ್ಯಾಹ್ನ ಕುಳಿತು ನೋಡಿದ್ದೇನೆ. ಕಟ್ಟನ್ನು ಮೊದಲೇ ಜೋಡಿಸಿ, ಬೆನ್ನು ಮೇಲಾಗಿ ಮೇಜಿಗೆ ಬಿಗಿದಿದ್ದ. ರೌಟರಿನ ಬಿಟ್ ನಿಮಿಷಕ್ಕೆ 20,000ಕ್ಕೂ ಮಿಗಿಲಾಗಿ ಸುತ್ತುತ್ತದೆ. ಅದರ ತುದಿಯ ಬೇರಿಂಗ್ ಮರದ ಅಂಚಿಗೆ ಒರಗಿಕೊಂಡು ಸಾಗುವುದರಿಂದ ತೋಡಿನ ಅಗಲ ಎಲ್ಲಿಯೂ ಏರುಪೇರಾಗುವುದಿಲ್ಲ. ಒಂದೇ ಸಲಕ್ಕೆ ಪೂರ್ತಿ ಆಳಕ್ಕೆ ಇಳಿಸಿದರೆ ಮರ ಸುಟ್ಟು ಸಿಬಿರೇಳುತ್ತದೆಂದು ಆತ ಮೂರು ಮೂರು ಮಿಲಿಮೀಟರಿನಂತೆ ನಾಲ್ಕು ಸುತ್ತು ಹಾಕಿದ. ಒಳಅಂಚಿನಲ್ಲಿ ಗಡಿಯಾರದ ಮುಳ್ಳಿನ ದಿಕ್ಕಿಗೇ ಸಾಗಬೇಕು. ತಿರುಗಿ ಹೋದರೆ ಯಂತ್ರ ಕೈಯನ್ನು ಜಗ್ಗುತ್ತದೆ. ಕಣ್ಣಿಗೆ ಕನ್ನಡಕ, ಮೂಗಿಗೆ ಮುಸುಕು ಇದ್ದವು. ಮರದ ಧೂಳು ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಸಂಸ್ಥೆ 1995ರಲ್ಲೇ ವರ್ಗೀಕರಿಸಿದೆ. ಇದನ್ನು ಕಡೆಗಣಿಸುವವರು ದಯಮಾಡಿ ಗಮನಿಸಿ.

ಆಮೇಲೆ ಆತ ಯಂತ್ರವನ್ನು ನಿಲ್ಲಿಸಿ ಉಳಿ ಮತ್ತು ಕೊಡತಿಯನ್ನು ಕೈಗೆತ್ತಿಕೊಂಡ. ದುಂಡಗೆ ಸುತ್ತುವ ಬಿಟ್ ಮೂಲೆಯನ್ನೂ ದುಂಡಗೇ ಬಿಡುತ್ತದೆ. ಚೌಕ ಗಾಜು ಅಲ್ಲಿ ಕೂರದು. ನಾಲ್ಕು ಮೂಲೆಗಳನ್ನೂ ಕೈಯಿಂದಲೇ ಚೌಕ ಮಾಡಬೇಕು. ಕೈಗುಣ ಸತ್ತಿತೆಂದವರು ಆ ನಾಲ್ಕು ಮೂಲೆಗಳನ್ನು ಬಂದು ನೋಡಬೇಕಿತ್ತು. ತೊಂಬತ್ತಾರು ಎಳೆತದ ಕತ್ತೆದುಡಿಮೆಯನ್ನು ಯಂತ್ರ ಹೊತ್ತುಕೊಂಡಿತು. ವಿವೇಚನೆ ಬೇಕಾದ ಕೆಲಸವನ್ನು ಮನುಷ್ಯನಿಗೇ ಬಿಟ್ಟಿತು. ಇದರಲ್ಲಿ ಅಳುವಂಥದ್ದೇನಿದೆ?

ಹಾಗೆಂದು ಯಂತ್ರಕ್ಕೆ ಮಂಗಳಾರತಿ ಎತ್ತುವವನೂ ನಾನಲ್ಲ. ಅದೇ ರೌಟರ್ ಇಟ್ಟುಕೊಂಡು ಆರು ಮಿಲಿಮೀಟರ್ ತೋಡು ಕೊರೆದು, ಚಿತ್ರವನ್ನು ಗಾಜಿಗೆ ಒತ್ತಿ, ಹಿಂದೆ ಅಂಟುಪಟ್ಟಿ ಮೆತ್ತಿ ಕೊಡುವವರು ಬೇಕಾದಷ್ಟಿದ್ದಾರೆ. ಪಟ್ಟಿ ತೆಳ್ಳಗಿದ್ದರೆ ಮರ ಉಳಿಯುತ್ತದೆ, ಅಷ್ಟೇ ಅವರ ಶಾಸ್ತ್ರ. ಹಿಂದಿನವರು ಬೆವರು ಉಳಿಸಿದರು, ಇವರು ಮರ ಉಳಿಸುತ್ತಾರೆ. ಹಿಂದಿನವರನ್ನು ನಾನು ಕ್ಷಮಿಸಬಲ್ಲೆ, ಇವರನ್ನು ಕ್ಷಮಿಸಲಾರೆ. ಆಳವಾಗಿ ಕೊರೆಯುವುದು ಕಷ್ಟವಾಗಿದ್ದ ಕಾಲದಲ್ಲಿ ಕೊರೆಯದಿದ್ದುದು ಬಡತನ. ಗುಂಡಿ ಒತ್ತಿದರೆ ಕೊರೆಯಬಹುದಾದ ಕಾಲದಲ್ಲಿ ಕೊರೆಯದಿರುವುದು ಅಪ್ರಾಮಾಣಿಕತೆ. "ಗಿರಾಕಿ ಕೇಳುವುದಿಲ್ಲ ಸಾರ್" ಎನ್ನುತ್ತಾರೆ. ಆ ಮಾತು ನಿಜ, ಅದರಲ್ಲಿ ನಮ್ಮ ತಪ್ಪೂ ಇದೆ. ಮುಂಭಾಗದ ಚಿನ್ನದ ಬಣ್ಣಕ್ಕೆ ಚೌಕಾಸಿ ಮಾಡುವ ನಾವು ಕಟ್ಟನ್ನು ತಿರುಗಿಸಿ ಬೆನ್ನು ನೋಡಿದ್ದುಂಟೆ?

ಆದ್ದರಿಂದ ನನ್ನ ಪ್ರೀತಿಯ ವಿದ್ಯಾರ್ಥಿಗಳಲ್ಲಿಯೂ ಬಂಧುಗಳಲ್ಲಿಯೂ ಈ ಪ್ರಾರ್ಥನೆ. ಈ ಭಾನುವಾರ ನಿಮ್ಮ ಮನೆಯ ಹಿರಿಯರ ಪಟಗಳನ್ನು ಗೋಡೆಯಿಂದ ಇಳಿಸಿ, ಓರೆಯಾಗಿ ಬೆಳಕಿಗೆ ಹಿಡಿಯಿರಿ. ಗಾಜಿನ ಒಳಗೆ ಒದ್ದೆಯಂತೆ ಹೊಳೆಯುವ ಮಚ್ಚೆಗಳು ಕಂಡರೆ ಅಲ್ಲಿ ಚಿತ್ರ ಅಂಟಿಕೊಂಡಿದೆ ಎಂದು ತಿಳಿಯಿರಿ. ದಯವಿಟ್ಟು ಎಳೆಯಬೇಡಿ, ಮೊದಲು ಗಾಜಿನ ಮೇಲಿನಿಂದಲೇ ಅದರ ಪ್ರತಿ ತೆಗೆಸಿ, ಆಮೇಲೆ ಬಲ್ಲವರನ್ನು ಕೇಳಿ. ಹೊಸ ಕಟ್ಟು ಹಾಕಿಸುವಾಗ ಅಳತೆಪಟ್ಟಿಯನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ. ತೋಡು 12 ಮಿಲಿಮೀಟರ್ ಇರಲಿ, ಅಂಚುರಟ್ಟು ಇರಲಿ. ಕೊರೆದದ್ದು ಕೀಸುಳಿಯೋ ರೌಟರೋ ಎಂಬುದು ನಿಮಗೆ ಬೇಡ.

ನಮ್ಮ ತಾಯಿಯವರ ಚಿತ್ರ ಈಗ ನನ್ನ ಶಿಷ್ಯ ಮಾಡಿಕೊಟ್ಟ ಆಳವಾದ ಕಟ್ಟಿನಲ್ಲಿದೆ. ಕೆನ್ನೆಯ ಜಾಗ ಬೆಳ್ಳಗಿದೆ. ಮೊಮ್ಮಗಳು ಅದೇನೆಂದು ಕೇಳಿದಾಗ ಈ ಲೆಕ್ಕವನ್ನೇ ಹೇಳಿಕೊಟ್ಟೆ.