ಭಾರ ಎಳೆದರೆ ಕರಿಹೊಗೆ ಬರಲೇಬೇಕೆ?

ಆರೋಗ್ಯದ ಅಂಕಣದಲ್ಲಿ ಸೈಲೆನ್ಸರ್ ಪೈಪಿನ ವಿಚಾರವೇಕೆ ಎಂದು ನೀವು ಕೇಳಬಹುದು. ಕೆಮ್ಮು, ಉಬ್ಬಸ, ಕಣ್ಣುರಿ ಎಂದು ಬರುವ ಚಾಲಕರಿಗೂ ಗ್ಯಾರೇಜಿನ ಹುಡುಗರಿಗೂ ನಾನು ಬರೆದುಕೊಡುವ ಔಷಧಿ ಎಷ್ಟರಮಟ್ಟಿಗೆ ಹತ್ತುತ್ತದೆ ಎಂಬುದು ಅನೇಕ ಸಲ ಆ ಪೈಪನ್ನೇ ಅವಲಂಬಿಸಿರುತ್ತದೆ.

ದಾರಿಯಲ್ಲಿ ಕೆಟ್ಟು ನಿಂತ ಕಾರುಗಳನ್ನು ಎಳೆದು ತರುವ, ಮನೆಗೆ ತಾರಸಿ ಹಾಕುವ ದಿನ ಕಾಂಕ್ರೀಟ್ ಮಿಕ್ಸರನ್ನು ಹಿಂದೆ ಕಟ್ಟಿಕೊಂಡು ಬರುವ ಡೀಸೆಲ್ ಪಿಕಪ್‌ಗಳನ್ನು ನೀವು ನೋಡಿದ್ದೀರಿ. ಏರು ಸಿಕ್ಕ ಕೂಡಲೇ ಹಿಂದಿನಿಂದ ಕರಿಹೊಗೆ ಭುಗ್ಗೆಂದು ಏಳುತ್ತದೆ. ಕೇಳಿದರೆ ಉತ್ತರ ಒಂದೇ: “ಲೋಡ್ ಎಳೆಯುವಾಗ ಅಷ್ಟು ಬಂದೇ ಬರುತ್ತೆ ಡಾಕ್ಟ್ರೇ, ಗಾಡಿ ಕಂಡೀಷನ್ ಆಗಿದೆ.” ಮೆಟ್ಟಿಲು ಹತ್ತುವಾಗ ಎದೆ ಹಿಡಿದುಕೊಳ್ಳುವ ರೋಗಿಯೂ ಇದನ್ನೇ ಹೇಳುತ್ತಾನೆ. ಕೂತಾಗ ಏನೂ ಇಲ್ಲವಂತೆ! ಶ್ರಮ ಬಿದ್ದಾಗ ಮಾತ್ರ ಕಾಣುವ ಲಕ್ಷಣವನ್ನು ನಾವು ವೈದ್ಯರು ಹಗುರವಾಗಿ ನೋಡುವುದಿಲ್ಲ. ಗಾಡಿಗೂ ಅದೇ ನ್ಯಾಯ ಸಲ್ಲಬೇಕು. ಹಳೆಯ ಎಂಜಿನ್ ಗೇರ್ ಬದಲಿಸುವಾಗ ಒಂದು ಕ್ಷಣ ತೆಳುವಾಗಿ ಹೊಗೆ ಬಿಟ್ಟರೆ ಬಿಡಿ, ಏರು ಮುಗಿಯುವವರೆಗೂ ಕಪ್ಪಗೆ ಕಾರುತ್ತಲೇ ಇದ್ದರೆ ಅದು ಕಾಯಿಲೆ.

“ಎಮಿಷನ್ ಟೆಸ್ಟ್ ಪಾಸಾಗಿದೆಯಲ್ಲ” ಎನ್ನುವವರೂ ಇದ್ದಾರೆ. ಆ ಪರೀಕ್ಷೆಯಲ್ಲಿ ಗಾಡಿಯನ್ನು ನ್ಯೂಟ್ರಲ್‌ನಲ್ಲಿ ನಿಲ್ಲಿಸಿ, ಆಕ್ಸಲರೇಟರ್ ಒತ್ತಿ, ಹೊಗೆ ಎಷ್ಟು ದಟ್ಟವಾಗಿದೆ ಎಂದು ಅಳೆಯುತ್ತಾರೆ. ಹಿಂದೆ ಭಾರವಿಲ್ಲ, ಮುಂದೆ ಏರಿಲ್ಲ. ಮಲಗಿಸಿ ತೆಗೆದ ಇ.ಸಿ.ಜಿ. ಸರಿಯಾಗಿದ್ದು, ಟ್ರೆಡ್‌ಮಿಲ್ ಮೇಲೆ ನಡೆಸಿದಾಗ ಹೃದಯದ ತೊಂದರೆ ಹೊರಬೀಳುವುದಿಲ್ಲವೇ? ಪ್ರಮಾಣಪತ್ರ ಬೇಕೇಬೇಕು, ಆದರೆ ಅದನ್ನು ತೋರಿಸಿ ಕರಿಹೊಗೆಯನ್ನು ಸಮರ್ಥಿಸಿಕೊಳ್ಳುವುದು ಸರಿಯಲ್ಲ.

ನಾಲಿಗೆ, ಕಫ ನೋಡಿದಂತೆ ಹೊಗೆಯ ಬಣ್ಣವನ್ನೂ ನೋಡಬೇಕು. ನೀಲಿ ಛಾಯೆಯಿದ್ದರೆ ಎಂಜಿನ್ ಆಯಿಲ್ ಉರಿಯುತ್ತಿದೆ ಎಂದು ತಿಳಿಯಿರಿ. ಎಂಜಿನ್ ಕಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಡೀಸೆಲ್ ಉರಿಯದೆ ಹೊರಬರುತ್ತಿರಬಹುದು, ಇಲ್ಲವೇ ರೇಡಿಯೇಟರ್ ನೀರು ಒಳಗೆ ಸೋರುತ್ತಿರಬಹುದು. ಕಪ್ಪು ಹೊಗೆಯೆಂದರೆ ಡೀಸೆಲ್ಲಿಗೆ ತಕ್ಕಷ್ಟು ಗಾಳಿ ಇಲ್ಲ ಎಂದರ್ಥ. ಲಾಟೀನಿನ ಬತ್ತಿಯನ್ನು ಅತಿಯಾಗಿ ಏರಿಸಿದರೆ ಗಾಜಿಗೆ ಮಸಿ ಹಿಡಿಯುವುದಿಲ್ಲವೇ, ಹಾಗೆ.

ಗಾಳಿ ಏಕೆ ಸಾಲದು? ಮೊದಲ ಅನುಮಾನ ಎಲ್ಲಕ್ಕಿಂತ ಅಗ್ಗದ ಸಾಮಾನಿನ ಮೇಲೆ ಇರಲಿ: ಧೂಳು ತುಂಬಿದ ಏರ್ ಫಿಲ್ಟರ್. ಅದು ಸರಿಯಿದ್ದರೆ ಟರ್ಬೊದಿಂದ ಎಂಜಿನ್ನಿಗೆ ಗಾಳಿ ಒಯ್ಯುವ ರಬ್ಬರ್ ಪೈಪುಗಳನ್ನು ನೋಡಿಸಿ. ಖಾಲಿ ಓಡುವಾಗ ಬಾಯಿ ಮುಚ್ಚಿಕೊಂಡಿರುವ ಬಿರುಕು ಭಾರ ಬಿದ್ದಾಗ ಒತ್ತಡಕ್ಕೆ ತೆರೆದುಕೊಳ್ಳುತ್ತದೆ. ಸುಯ್ಯೆಂಬ ಸದ್ದು, ಕರಿಹೊಗೆ, ಎಳೆತ ಕಡಿಮೆ. ಪಿಕಪ್ಪಿಗೇ ಪಿಕಪ್ ಇಲ್ಲ ಎನ್ನುತ್ತಾರಲ್ಲ, ಅದೇ. ಆಮೇಲೆ ಬರುವುದು ನಾಝಲ್, ಟರ್ಬೊ, ಮತ್ತು ಹೊಗೆಯ ಒಂದು ಪಾಲನ್ನು ಎಂಜಿನ್ನಿಗೆ ಮರಳಿಸುವ ಇ.ಜಿ.ಆರ್. ವಾಲ್ವ್. ಇಲ್ಲಿ ನಿಮ್ಮ ಮೆಕ್ಯಾನಿಕ್ ನನಗಿಂತ ಬಲ್ಲವರು. ಆದರೆ ಹೊಗೆ ಯಾವಾಗಿನಿಂದ, ಏರಿನಲ್ಲೋ ಸಮತಟ್ಟಿನಲ್ಲೋ, ಮೈಲೇಜ್ ಇಳಿದಿದೆಯೋ ಎಂಬ ಪೂರ್ವವೃತ್ತಾಂತ ನಿಮ್ಮಿಂದಲೇ ಸಿಗಬೇಕು. ಅದನ್ನು ಕೇಳದೆ ನೇರವಾಗಿ ನಾಝಲ್ ಬಿಚ್ಚುವ ಮೆಕ್ಯಾನಿಕ್, ನಾಡಿ ಹಿಡಿಯದೆ ಇಂಜೆಕ್ಷನ್ ಚುಚ್ಚುವ ವೈದ್ಯ, ಇಬ್ಬರಿಂದಲೂ ದೂರವಿರಿ.

2020ರ ಏಪ್ರಿಲ್‌ನಿಂದ ದೇಶದಲ್ಲೆಲ್ಲ ಬಿ.ಎಸ್.-6 ನಿಯಮ ಜಾರಿಯಲ್ಲಿದೆ. ಆ ನಂತರದ ಡೀಸೆಲ್ ಗಾಡಿಗಳ ಸೈಲೆನ್ಸರ್‌ನಲ್ಲಿ ಸಾಮಾನ್ಯವಾಗಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ, ಡಿ.ಪಿ.ಎಫ್. ಎನ್ನುತ್ತಾರೆ. ಕೂಡಿಬಿದ್ದ ಮಸಿಯನ್ನು ಅದು ಸುಮಾರು 600 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟುಕೊಳ್ಳುತ್ತದೆ. ದಿನವೆಲ್ಲ ಊರೊಳಗೇ ಗಿರಕಿ ಹೊಡೆದು, ನಿಂತಲ್ಲೇ ಎಂಜಿನ್ ಓಡಿಸುತ್ತಿದ್ದರೆ ಅಷ್ಟು ಶಾಖ ಏರದೆ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಇಂಥ ಗಾಡಿಯಿಂದಲೂ ಕರಿಹೊಗೆ ಬಂದರೆ ಫಿಲ್ಟರ್ ಒಡೆದಿದೆ, ಇಲ್ಲವೇ ಯಾರೋ ಕಿತ್ತೆಸೆದಿದ್ದಾರೆ. ಕಟ್ಟಿಕೊಂಡಿತೆಂದು ಅದನ್ನು ಕೀಳಿಸುವುದು, ಹಳೆಯ ಗಾಡಿಗಳಲ್ಲಿ ಎಳೆತ ಹೆಚ್ಚಲಿ ಎಂದು ಪಂಪ್ ಸೆಟ್ಟಿಂಗ್ ಏರಿಸಿ ಡೀಸೆಲ್ ಸುರಿಯುವುದು, ಎರಡೂ ನಡೆಯುತ್ತಿವೆ. ನನ್ನ ದೃಷ್ಟಿಯಲ್ಲಿ ಇದು ಜಾಣತನವಲ್ಲ, ಬೇರೆಯವರ ಶ್ವಾಸಕೋಶದ ಖರ್ಚಿನಲ್ಲಿ ಮಾಡುವ ಉಳಿತಾಯ.

ಕಣ್ಣಿಗೆ ಕಾಣುವ ಮಸಿ ಅಂಗಿಗೆ ಅಂಟುತ್ತದೆ, ಮೂಗಿನಲ್ಲಿ ಸಿಕ್ಕಿಬೀಳುತ್ತದೆ. ಕಾಣದ ಕಣಗಳದ್ದೇ ಹೆಚ್ಚಿನ ಕಾಟ. ಕೂದಲೆಳೆಗಿಂತ ನೂರಾರು ಪಟ್ಟು ಸಣ್ಣವಾದ ಇವು ಶ್ವಾಸಕೋಶದ ಕೊನೆಯ ಗಾಳಿಗೂಡಿನವರೆಗೂ ಇಳಿಯುತ್ತವೆ. ಉಬ್ಬಸ ಕೆರಳುತ್ತದೆ, ಹೃದ್ರೋಗಿಗಳ ಅಪಾಯ ಹೆಚ್ಚುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2012ರಲ್ಲಿ ಡೀಸೆಲ್ ಹೊಗೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ತಂಬಾಕಿನ ಹೊಗೆ ಇರುವ ಗುಂಪೂ ಅದೇ.

ಎಳೆಯುವ ಗಾಡಿಯಲ್ಲಿ ಇನ್ನೊಂದು ವಿಶೇಷವಿದೆ. ಶಿರಾಡಿ ಘಾಟಿಯಂಥ ಕಡೆ ನಿಮ್ಮ ಕಾರು ಕೆಟ್ಟಿತೆನ್ನಿ. ಪಿಕಪ್ಪಿಗೆ ಹಗ್ಗ ಕಟ್ಟಿದ ಮೇಲೆ ಕಾರಿನ ಸ್ಟೀರಿಂಗ್ ಹಿಡಿದವರು ಕೂರುವುದು ನೇರವಾಗಿ ಆ ಪೈಪಿನ ಹಿಂದೆ. ಎ.ಸಿ. ಇಲ್ಲ, ಸೆಕೆಗೆ ಕಿಟಕಿ ಇಳಿಸಿರುತ್ತೀರಿ. ಹಿಂದಿನ ಸೀಟಿನಲ್ಲಿ ಮಕ್ಕಳು, ಅಜ್ಜಿ. ಅಪಘಾತದ ಭಯಕ್ಕೇ ಹಾಗೆ ಕೂರಿಸಬಾರದು, ಹೊಗೆಯದು ಎರಡನೆಯ ಕಾರಣ. ಅವರನ್ನು ಬೇರೆ ವಾಹನದಲ್ಲಿ ಕಳುಹಿಸಿ. ಪಿಕಪ್ ಮಾಲೀಕರಿಗೂ ಒಂದು ಮಾತು: ಬೆಳಗಿನ ಜಾವ ಮನೆ ಮುಂದೆ ಹತ್ತು ನಿಮಿಷ ಎಂಜಿನ್ ಕಾಯಿಸುವ ರೂಢಿ ಬಿಡಿ. ಒಂದು ನಿಮಿಷ ಸಾಕು, ಆಮೇಲೆ ನಿಧಾನವಾಗಿ ಓಡಿಸುತ್ತಾ ಹೋದರೆ ತಾನೇ ಕಾಯುತ್ತದೆ. ನಿಮ್ಮದೇ ಮಕ್ಕಳು ಆ ಕಿಟಕಿಯ ಹಿಂದೆ ಮಲಗಿರುತ್ತಾರೆ.

ಮುಖಕ್ಕೆ ಕಟ್ಟುವ ಕರವಸ್ತ್ರದಿಂದ ಹೆಚ್ಚೇನೂ ಪ್ರಯೋಜನವಿಲ್ಲ. ಗ್ಯಾರೇಜಿನಲ್ಲಿ ಎಂಜಿನ್ ಓಡಿಸಿ ನೋಡುವಾಗ ಶಟರ್ ಪೂರ್ತಿ ತೆರೆದಿರಲಿ, ಪೈಪಿನ ಬಾಯಿ ರಸ್ತೆಯ ಕಡೆಗಿರಲಿ. ಏದುಸಿರು ಬರುತ್ತಿದ್ದರೆ ಊದಿ ನೋಡುವ ಸ್ಪೈರೊಮೆಟ್ರಿ ಪರೀಕ್ಷೆ ಮಾಡಿಸಿ. ನೋವಿಲ್ಲದ, ಕೆಲವೇ ನಿಮಿಷಗಳ ಪರೀಕ್ಷೆ. ಕೆಮ್ಮು ಎರಡು ವಾರ ದಾಟಿದರೆ ಹೊಗೆಯ ಮೇಲೆ ತಪ್ಪು ಹೊರಿಸಿ ಸುಮ್ಮನಿರದೆ ಕ್ಷಯವೂ ಇರಬಹುದೆಂದು ಕಫ ಪರೀಕ್ಷೆ ಮಾಡಿಸಲೇಬೇಕು. ವೈದ್ಯರ ಬಳಿ ಹೋದಾಗ ನೀವು ಮಾಡುವ ಕೆಲಸ ಯಾವುದು, ದಿನಕ್ಕೆ ಎಷ್ಟು ಗಂಟೆ ಹೊಗೆಯಲ್ಲಿರುತ್ತೀರಿ ಎಂಬುದನ್ನು ಅವರು ಕೇಳದಿದ್ದರೂ ಹೇಳಿ.