ಇಂಗಿನ ಡಬ್ಬಿಯೊಳಗಿನ ಗೋಧಿ
ಪಥ್ಯದಿಂದಲೇ ಆಟೋಇಮ್ಯೂನ್ ಕಾಯಿಲೆ ಹತೋಟಿಗೆ ಬರುತ್ತದೆಂಬ ಮಾತಿಗೆ ಗಟ್ಟಿ ಪುರಾವೆ ಇರುವುದು ಸೀಲಿಯಾಕ್ ಕಾಯಿಲೆಯಲ್ಲಿ. ಗೋಧಿ, ಬಾರ್ಲಿಗಳಲ್ಲಿರುವ ಗ್ಲುಟೆನ್ ಹೊಟ್ಟೆಗೆ ಹೋದಾಗ ಈ ಕಾಯಿಲೆ ಇರುವವರ ದೇಹದ ರಕ್ಷಣಾ ವ್ಯವಸ್ಥೆ ಸಣ್ಣ ಕರುಳಿನ ಒಳಪದರವನ್ನೇ ಹಾಳುಗೆಡವುತ್ತದೆ. ಗ್ಲುಟೆನ್ ಪೂರ್ತಿ ನಿಲ್ಲಿಸಿದರೆ ಕರುಳು ಮೆಲ್ಲಗೆ ಚೇತರಿಸಿಕೊಳ್ಳುತ್ತದೆ. ನೆದರ್‌ಲ್ಯಾಂಡ್ಸ್‌ನ ಮಕ್ಕಳ ವೈದ್ಯ ವಿಲ್ಲೆಮ್ ಡಿಕೆ 1950ರ ತಮ್ಮ ಪ್ರಬಂಧದಲ್ಲಿ ಗೋಧಿಯ ಪಾತ್ರವನ್ನು ತೋರಿಸಿಕೊಟ್ಟರು. ಅನ್ನ, ರಾಗಿಮುದ್ದೆ, ಜೋಳದ ರೊಟ್ಟಿ ಉಣ್ಣುವ ನಮಗೆ ಇದೇನು ಕಷ್ಟ ಎನ್ನಬಹುದು. ಧಾನ್ಯದ ಮಟ್ಟಿಗೆ ಅದು ನಿಜ. ಆದರೆ ಸಾರಿನ ಒಗ್ಗರಣೆಗೆ ಹಾಕುವ ಪುಡಿ ಇಂಗಿನ ಡಬ್ಬಿ ತಿರುಗಿಸಿ ನೋಡಿ: ಎಷ್ಟೋ ಡಬ್ಬಿಗಳ ಮೇಲೆ ಸಣ್ಣ ಅಕ್ಷರದಲ್ಲಿ ಗೋಧಿ ಹಿಟ್ಟು ಎಂದಿರುತ್ತದೆ. ಚಪಾತಿ ಲಟ್ಟಿಸಿದ ಮಣೆಗೆ ಅಂಟಿದ ಒಣಹಿಟ್ಟೂ ತೊಂದರೆಗೆ ಸಾಕು. ಸತ್ಯನಾರಾಯಣ ಪೂಜೆಯ ಗೋಧಿ ರವೆಯ ಸಜ್ಜಿಗೆ ಒಂದು ಚಮಚ ತಿಂದರೆ ಏನಾದೀತು ಎಂದು ಪ್ರೀತಿಯಿಂದ ಒತ್ತಾಯಿಸುವವರಿದ್ದಾರೆ. ದಿನಕ್ಕೆ 50 ಮಿಲಿಗ್ರಾಂ ಗ್ಲುಟೆನ್ ಕೆಲ ತಿಂಗಳು ಸೇವಿಸಿದರೂ ಕರುಳಿಗೆ ಹಾನಿಯಾಗುವುದು ಪರೀಕ್ಷೆಗಳಲ್ಲಿ ಕಂಡಿದೆ. ಒಂದು ಚಮಚ ರವೆಯಲ್ಲಿ ಇರುವುದು ಅದರ ಹಲವು ಪಟ್ಟು. ಹಾಗಾಗಿ ಇಲ್ಲಿ ಪಥ್ಯವೇ ಔಷಧಿ, ಅದಕ್ಕೆ ರಜೆಯಿಲ್ಲ. ಇದೇ ತರ್ಕವನ್ನು ಇನ್ನೊಂದು ಆಟೋಇಮ್ಯೂನ್ ಕಾಯಿಲೆಯಾದ ರುಮಟಾಯ್ಡ್ ಸಂಧಿವಾತಕ್ಕೆ ಎಳೆದು ತರುವುದು ಮಾತ್ರ ಅಪಾಯ. ಅಲ್ಲಿ ಅಂಥ ಒಂದೇ ಧಾನ್ಯದ ಮೇಲೆ ಬೆರಳಿಡಲು ಆಗಿಲ್ಲ. ಆಹಾರ ನೋವಿಗೆ ಸ್ವಲ್ಪ ನೆರವಾಗಬಹುದು, ಆದರೆ ಅದನ್ನೇ ನಂಬಿ ಮೆಥೊಟ್ರೆಕ್ಸೇಟ್‌ನಂಥ ಔಷಧಿ ಬಿಟ್ಟು ಸವೆಸಿಕೊಂಡ ಕೀಲು ಮತ್ತೆ ಮೊದಲಿನಂತಾಗದು. ಸೀಲಿಯಾಕ್ ಅನುಮಾನವಿದ್ದವರೂ ರಕ್ತಪರೀಕ್ಷೆಗೆ ಮೊದಲೇ ಗೋಧಿ ಬಿಡಬಾರದು. ಬಿಟ್ಟರೆ ಪ್ರತಿಕಾಯಗಳು ಇಳಿದು ಕಾಯಿಲೆ ಪತ್ತೆಯಾಗದೇ ಹೋಗಬಹುದು.