ಸೀಟಿ ಊದದ ತೀರ್ಪುಗಾರ

ಸೈಕಲ್ ಓಟಕ್ಕೂ ಕುಸ್ತಿಗೂ ಹೆಸರಾದ ವಿಜಯಪುರದ ಸೀಮೆಯಲ್ಲಿ, ಈ ಭೂತನಾಳದಲ್ಲಿ, ಫುಟ್‌ಬಾಲ್ ಜಗಳ ನಮಗೇಕೆ ಎಂದು ಓದುಗರು ಕೇಳಬಹುದು. ಮೊಬೈಲಿನಲ್ಲಿ ಆಟ ನೋಡುವ ನಮ್ಮ ಹುಡುಗರು ಆಟದೊಂದಿಗೆ ತೀರ್ಪುಗಾರರನ್ನು ಬೈಯುವುದನ್ನೂ ಕಲಿಯುತ್ತಿದ್ದಾರೆ. ಆದುದರಿಂದ ಈ ಮಾತು.

2023ರ ಮಾರ್ಚ್ 3ರಂದು ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ಇಂಡಿಯನ್ ಸೂಪರ್ ಲೀಗ್‌ನ ನಾಕೌಟ್ ಪಂದ್ಯ. ಹೆಚ್ಚುವರಿ ಅವಧಿಯ 96ನೆಯ ನಿಮಿಷದಲ್ಲಿ ಬೆಂಗಳೂರಿಗೆ ಫ್ರೀ ಕಿಕ್ ದೊರೆಯಿತು. ಕೇರಳ ಬ್ಲಾಸ್ಟರ್ಸ್ ಗೋಲ್‌ಕೀಪರ್ ರಕ್ಷಣಾ ಗೋಡೆಯನ್ನು ಸರಿಪಡಿಸುತ್ತಿರುವಾಗಲೇ ಸುನಿಲ್ ಛೆಟ್ರಿ ಚೆಂಡನ್ನು ಬರಿದಾದ ಗೋಲಿಗೆ ಒದ್ದರು. ತೀರ್ಪುಗಾರ ಕ್ರಿಸ್ಟಲ್ ಜಾನ್ ಗೋಲ್ ಎಂದರು. ಕೇರಳದ ತರಬೇತುದಾರ ಇವಾನ್ ವುಕೊಮನೊವಿಚ್ ತಂಡವನ್ನೇ ಕರೆದುಕೊಂಡು ಹೊರನಡೆದರು.

‘ಸೀಟಿ ಊದಲಿಲ್ಲ’ ಎಂಬುದು ದೊಡ್ಡ ಆರೋಪ. ಆದರೆ ಪ್ರತಿ ಫ್ರೀ ಕಿಕ್ಕಿಗೂ ಸೀಟಿ ಬೇಕೆಂಬ ನಿಯಮವೇ ಇಲ್ಲ. ತಪ್ಪೆಸಗಿದ ತಂಡಕ್ಕೆ ಸಜ್ಜಾಗಲು ಬಿಡುವು ಕೊಡುವುದು ನ್ಯಾಯವಲ್ಲವೆಂದೇ ತ್ವರಿತ ಕಿಕ್ಕಿಗೆ ಅವಕಾಶವಿದೆ. ತೀರ್ಪುಗಾರರೇ ‘ಕಾಯಿರಿ’ ಎಂದು ತಡೆದಿದ್ದರೆ ಮಾತ್ರ ಸೀಟಿ ಅಗತ್ಯ. ತಮಗೆ ಸೀಟಿಯೂ ಬೇಡ, ಗೋಡೆಯೂ ಬೇಡ ಎಂದು ಮೊದಲೇ ತಿಳಿಸಿದ್ದಾಗಿ ಛೆಟ್ರಿ ಆಮೇಲೆ ಹೇಳಿದರು. ತೀರ್ಪುಗಾರ ಹಾಗೆ ತಡೆದಿದ್ದರೇ ಎಂಬುದರ ಬಗ್ಗೆ ವಾದಿಸಬಹುದು, ನಿಜ. ವಾದಿಸುವುದು ಬೇರೆ, ಮೈದಾನವನ್ನೇ ತೊರೆಯುವುದು ಬೇರೆ. ಕೇರಳದ ದೂರನ್ನು ಶಿಸ್ತು ಸಮಿತಿ ತಳ್ಳಿಹಾಕಿತು. ಮಾರ್ಚ್ 31ರಂದು ಕ್ಲಬ್ಬಿಗೆ 4 ಕೋಟಿ ರೂಪಾಯಿ ದಂಡ, ತರಬೇತುದಾರರಿಗೆ 10 ಪಂದ್ಯಗಳ ನಿಷೇಧ ಪ್ರಕಟವಾಯಿತು.

ಆದರೆ ಕೇರಳವನ್ನು ಮಾತ್ರ ದೂಷಿಸಿ ನಾವು ಕೈತೊಳೆದುಕೊಳ್ಳುವಂತಿಲ್ಲ. ಮಾರ್ಚ್ 3ರಂದು ‘ತೀರ್ಪುಗಾರರ ಮಾತೇ ಕೊನೆ’ ಎಂದು ಕೇಕೆ ಹಾಕಿದ ನಮ್ಮ ಬೆಂಗಳೂರಿಗರು ಹದಿನೈದೇ ದಿನಗಳಲ್ಲಿ ರಾಗ ಬದಲಿಸಿದರು. ಮಾರ್ಚ್ 18ರಂದು ಗೋವೆಯ ಫತೋರ್ಡಾದಲ್ಲಿ ಫೈನಲ್. 85ನೆಯ ನಿಮಿಷದ ಪೆನಾಲ್ಟಿಯಿಂದ ಎಟಿಕೆ ಮೋಹನ್ ಬಾಗಾನ್ 2-2ಕ್ಕೆ ಸಮ ಮಾಡಿಕೊಂಡು, ಶೂಟೌಟಿನಲ್ಲಿ 4-3ರಿಂದ ಗೆದ್ದಿತು. ಒಡನೆಯೇ ತೀರ್ಪುಗಾರರು ಕುರುಡರಾದರು! ಬೆಂಗಳೂರು ತಂಡದ ಮಾಲೀಕ ಪಾರ್ಥ್ ಜಿಂದಾಲರು ವೀಡಿಯೊ ಪರಿಶೀಲನೆ ಬೇಕೆಂದು ಬಹಿರಂಗವಾಗಿ ಒತ್ತಾಯಿಸಿದರು. ಬೇಡಿಕೆಯೇನೋ ಯೋಗ್ಯವಾದುದೇ. ಆದರೆ ಗೆದ್ದ ರಾತ್ರಿ ನೆನಪಾಗದ ನ್ಯಾಯ ಸೋತ ರಾತ್ರಿ ನೆನಪಾದರೆ ಅದನ್ನು ನ್ಯಾಯಪ್ರೀತಿ ಎನ್ನಲಾದೀತೆ? ಪರರ ಕಣ್ಣಿನ ಧೂಳನ್ನೂ ತನ್ನ ಕಣ್ಣಿನ ತೊಲೆಯನ್ನೂ ಕುರಿತು ಪ್ರಭು ಯೇಸು ಎಚ್ಚರಿಸಿದ್ದು ಇಂಥವರನ್ನು ಕಂಡೇ ಇರಬೇಕು. ವೀಡಿಯೊ ಇದ್ದಿದ್ದರೂ ಛೆಟ್ರಿಯ ಗೋಲಿನ ಜಗಳ ತೀರುತ್ತಿರಲಿಲ್ಲ. ಚೆಂಡು ಗೆರೆ ದಾಟಿದ್ದರಲ್ಲಿ ಯಾರಿಗೂ ಸಂಶಯವಿರಲಿಲ್ಲ. ಕಿಕ್ಕಿಗೆ ಅನುಮತಿಯಿತ್ತೇ ಎಂಬುದು ತೀರ್ಪುಗಾರರ ವಿವೇಚನೆಗೆ ಸೇರಿದ ಸಂಗತಿ. ಯಂತ್ರ ಗೆರೆಯನ್ನು ಅಳೆದೀತು, ವಿವೇಚನೆಯನ್ನಲ್ಲ.

ಹಾಗಾದರೆ ಅನ್ಯಾಯವನ್ನು ಸಹಿಸಿ ಸುಮ್ಮನಿರಬೇಕೇ? ಬೇಡ. 2024ರ ಜೂನ್ 11ರಂದು ದೋಹಾದಲ್ಲಿ ವಿಶ್ವಕಪ್ ಅರ್ಹತಾ ಪಂದ್ಯದಲ್ಲಿ ಭಾರತ 1-0ರಿಂದ ಮುಂದಿತ್ತು. ಗೆರೆಯಾಚೆ ಹೋಗಿದ್ದ ಚೆಂಡನ್ನು ಕತಾರಿನ ಆಟಗಾರನೊಬ್ಬ ಒಳಗೆಳೆದ, ಇನ್ನೊಬ್ಬ ಗೋಲು ಹೊಡೆದ, ತೀರ್ಪುಗಾರ ಒಪ್ಪಿದರು. ಇಲ್ಲಿ ಅನ್ಯಾಯ ಎಲ್ಲರ ಕಣ್ಣಿಗೂ ಕಾಣುವಂತಿತ್ತು. ನಾಯಕ ಗುರ್‌ಪ್ರೀತ್ ಸಿಂಗ್ ಸಂಧು ಮತ್ತು ಸಂಗಡಿಗರು ಪ್ರತಿಭಟಿಸಿದರು, ಅನಂತರ ಆಟ ಮುಂದುವರಿಸಿದರು. 2-1ರಿಂದ ಸೋತು ಕೂಟದಿಂದಲೇ ಹೊರಬಿದ್ದರು. ಪಂದ್ಯ ಮುಗಿದ ಮೇಲೆ ಭಾರತೀಯ ಫೆಡರೇಶನ್ ತನಿಖೆಗೆ ಒತ್ತಾಯಿಸಿತು. ಫಲಿತಾಂಶ ಬದಲಾಗಲಿಲ್ಲ.